ಖಾನ್‌ಗಳ ನಡುವಿನ ಖಾಲಿ ವರ್ಷಗಳಲ್ಲಿ ಗದ್ದುಗೆ ಯಾರ ಕೈಯಲ್ಲಿತ್ತು?

ಪ್ರಶ್ನೆ: ನನ್ನ ಮಗಳು ಮಂಗೋಲ್ ಖಾನ್‌ಗಳ ಕಾಲಪಟ್ಟಿ ಬರೆಯುತ್ತಿದ್ದಳು. ಒಗೆದೆಯ್ ತೀರಿಕೊಂಡಿದ್ದು 1241ರಲ್ಲಿ, ಗುಯುಕ್ ಪಟ್ಟಕ್ಕೆ ಬಂದಿದ್ದು 1246ರಲ್ಲಿ. ಗುಯುಕ್ ಸತ್ತಿದ್ದು 1248ರಲ್ಲಿ, ಮೊಂಗ್ಕೆ ಬಂದಿದ್ದು 1251ರಲ್ಲಿ. "ಅಪ್ಪಾ, ನಡುವಿನ ವರ್ಷಗಳಲ್ಲಿ ಯಾರು ಆಳುತ್ತಿದ್ದರು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ರಾಣಿಯರು ಆಳಿದರು ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ? ಇಲ್ಲ, ಈಗಿನವರು ಸುಮ್ನೆ ದೊಡ್ಡದು ಮಾಡಿ ಹೇಳುತ್ತಿದ್ದಾರೆಯೇ?

ಉತ್ತರ: ನಿಮ್ಮ ಮಗಳು ಸರಿಯಾದ ಜಾಗದಲ್ಲೇ ಬೆರಳಿಟ್ಟು ಕೇಳಿದ್ದಾಳೆ. ಆ ಪಟ್ಟಿಯನ್ನು ಅವಳ ಪಕ್ಕ ಕೂತು ಇನ್ನೊಮ್ಮೆ ನೋಡಿ. 1241ರ ಡಿಸೆಂಬರಿನಿಂದ 1251ರ ಜುಲೈವರೆಗೆ ಸುಮಾರು ಒಂಬತ್ತೂವರೆ ವರ್ಷ. ಅದರಲ್ಲಿ ಗುಯುಕ್ ಖಾನ್ ಗದ್ದುಗೆಯ ಮೇಲೆ ಕೂತಿದ್ದು ಎರಡು ವರ್ಷಕ್ಕಿಂತ ಕಡಿಮೆ. ಉಳಿದ ಹತ್ತಿರ ಹತ್ತಿರ ಎಂಟು ವರ್ಷ ಆಡಳಿತ ಇದ್ದಿದ್ದು ಇಬ್ಬರು ಹೆಂಗಸರ ಕೈಯಲ್ಲಿ. ಮೊದಲು ಚಂಗೀಸ್ ಖಾನ್‌ನ ಮಗ ಒಗೆದೆಯ್‌ನ ಹೆಂಡತಿ ತೊರೆಗೆನೆ. ಆಮೇಲೆ ಗುಯುಕ್‌ನ ಹೆಂಡತಿ ಓಘುಲ್ ಖೈಮಿಶ್. ಆಗ ಮಂಗೋಲರ ನೆಲ ಉತ್ತರ ಚೀನಾದಿಂದ ರಷ್ಯಾದವರೆಗೆ ಚಾಚಿತ್ತು. ಅಷ್ಟು ದೊಡ್ಡ ರಾಜ್ಯ ಆ ಕಾಲದಲ್ಲಿ ಇನ್ನೊಂದು ಇರಲಿಲ್ಲ.

ಹಾಗಾಗಿ ಅವರು ಆಳಿದ್ದು ನಿಜ. ಆದರೆ ನಾನು ಇಲ್ಲಿಗೇ ನಿಲ್ಲಿಸಿದರೆ ಒಂದು ತಪ್ಪು ಕಲ್ಪನೆ ಉಳಿದುಬಿಡುತ್ತದೆ. ಗಂಡ ಸತ್ತ, ಮಗ ಇನ್ನೂ ಪಟ್ಟಕ್ಕೆ ಬಂದಿಲ್ಲ, ಬೇರೆ ದಾರಿ ಇಲ್ಲದೆ ರಾಣಿ ಕೂತಳು ಎಂದು ಅನ್ನಿಸುತ್ತದೆ. ಮಂಗೋಲರಲ್ಲಿ ಹಾಗಿರಲಿಲ್ಲ. ಖಾತೂನ್, ಅಂದರೆ ದೊರೆಸಾನಿ, ಗಂಡ ಬದುಕಿರುವಾಗಲೇ ಒಂದು ಅಧಿಕಾರದ ಒಡತಿ. ಇದೇ ನನ್ನ ಉತ್ತರದ ಮುಖ್ಯ ಮಾತು. ಅದು ಅರ್ಥವಾಗಬೇಕಾದರೆ ಅರಮನೆ ಎಂಬ ಪದವನ್ನು ಸ್ವಲ್ಪ ಹೊತ್ತು ಮರೆಯಬೇಕು. ಅವರ ಬದುಕು ಹೆಚ್ಚಾಗಿ ನಡೆಯುತ್ತಿದ್ದುದು ಅರಮನೆಯಲ್ಲಲ್ಲ, ಓರ್ದೊದಲ್ಲಿ.

ಓರ್ದೊ ಎಂದರೆ ಓಡಾಡುವ ಊರು. ದೊಡ್ಡ ಡೇರೆ, ಸುತ್ತ ಸಣ್ಣ ಡೇರೆಗಳು, ಸಾವಿರಾರು ಕುರಿ, ಕುದುರೆ, ದನ, ಒಂಟೆ, ಕಮ್ಮಾರರು, ಹೊಲಿಯುವವರು, ಕಾವಲಿನವರು, ವ್ಯಾಪಾರಿಗಳು. ಇದರ ಒಡೆತನ ಇದ್ದಿದ್ದು ಹೆಂಡತಿಯ ಕೈಯಲ್ಲಿ. ಖಾನ್‌ನ ಪ್ರತಿ ಹಿರಿಯ ಹೆಂಡತಿಗೂ ಅವಳದೇ ಓರ್ದೊ. ವಿಲಿಯಂ ರುಬ್ರುಕ್ ಎಂಬ ಕ್ರೈಸ್ತ ಸನ್ಯಾಸಿ 1253ರಲ್ಲಿ ಈ ಕಡೆ ಬಂದ. ಚಂಗೀಸ್ ಖಾನ್‌ನ ಮೊಮ್ಮಗ ಬಾತುವಿಗೆ 26 ಹೆಂಡತಿಯರು, ಒಬ್ಬೊಬ್ಬಳಿಗೂ ಒಂದು ದೊಡ್ಡ ಮನೆ, ಒಂದೊಂದು ಮನೆಗೂ ಸುಮಾರು 200 ಗಾಡಿ ಎಂದು ಅವನು ಬರೆದಿದ್ದಾನೆ. ಒಬ್ಬಳೇ ಹೆಂಗಸು 20–30 ಗಾಡಿಗಳನ್ನು ಒಂದರ ಹಿಂದೆ ಒಂದು ಕಟ್ಟಿ ಹೊಡೆದುಕೊಂಡು ಹೋಗುವುದನ್ನೂ ಅವನು ನೋಡಿದ್ದ. ಅವನು ಬರೆದ ಇನ್ನೊಂದು ವಿವರ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಯಜಮಾನ ಯಾವ ಹೆಂಡತಿಯ ಮನೆಯಲ್ಲಿ ರಾತ್ರಿ ಉಳಿದನೋ, ಮಾರನೆಯ ದಿನ ಅವಳು ಅವನ ಪಕ್ಕದಲ್ಲಿ ಕೂರುತ್ತಾಳೆ, ಉಳಿದವರೆಲ್ಲ ಅಲ್ಲಿಗೇ ಬರುತ್ತಾರೆ, ದರ್ಬಾರು ನಡೆಯುವುದೂ ಅಲ್ಲೇ. ಅಂದರೆ ದರ್ಬಾರು ನಡೆಯುತ್ತಿದ್ದುದೇ ಹೆಂಡತಿಯ ಮನೆಯಲ್ಲಿ.

ಗಂಡಸರು ಬೇಟೆಗೆ, ಯುದ್ಧಕ್ಕೆ ಹೋದರೆ ವರ್ಷಗಟ್ಟಲೆ ಬರುತ್ತಿರಲಿಲ್ಲ. ಆಗ ಹಿಂಡನ್ನು ಯಾವ ಹುಲ್ಲುಗಾವಲಿಗೆ ಹೊಡೆಯಬೇಕು, ಯಾವಾಗ ಡೇರೆ ಕೀಳಬೇಕು, ಯಾವ ವ್ಯಾಪಾರಿಗೆ ಬಂಡವಾಳ ಕೊಡಬೇಕು, ಎಲ್ಲ ತೀರ್ಮಾನವೂ ಹೆಂಗಸರದೇ. ಯುದ್ಧದ ಕೊಳ್ಳೆಯಲ್ಲಿ ಖಾತೂನ್‌ಗಳಿಗೂ ಪಾಲಿತ್ತು. ಗೆದ್ದ ನಾಡಿನಲ್ಲಿ ಅವರಿಗೆ ಉಂಬಳಿ ಸಿಗುತ್ತಿತ್ತು. ಗಂಡ ತೀರಿಹೋದ ಮೇಲೆ ಈ ಆಸ್ತಿ, ಈ ಜನ ಎಲ್ಲೂ ಹೋಗುತ್ತಿರಲಿಲ್ಲ. ಹೊಸ ಖಾನ್‌ನನ್ನು ಆರಿಸಲು ಕುರಿಲ್ತಾಯ್ ಎಂಬ ದೊಡ್ಡ ಸಭೆ ಸೇರಬೇಕು. ರಾಜವಂಶದವರೆಲ್ಲ ಸಾವಿರಾರು ಮೈಲಿ ದೂರದಿಂದ ಬರಬೇಕು. ಅಲ್ಲಿವರೆಗೆ ಸತ್ತ ಖಾನ್‌ನ ಹೆಂಡತಿ ರಾಜ್ಯ ನೋಡಿಕೊಳ್ಳುವುದು ರೂಢಿ. ಯಾರೋ ಕನಿಕರಪಟ್ಟು ಕೊಟ್ಟ ಜಾಗವಲ್ಲ ಅದು.

ಶುರುವಿನಿಂದಲೂ ಹೀಗೆಯೇ. ಮಂಗೋಲರ ಮೊದಲ ಗ್ರಂಥ 'ಮಂಗೋಲರ ಗುಪ್ತ ಇತಿಹಾಸ'. 13ನೇ ಶತಮಾನದ್ದು. ಅದರಲ್ಲಿ ಹೆಂಗಸರು ಮೂಲೆಯಲ್ಲಿ ಕೂತಿಲ್ಲ. ಚಂಗೀಸ್‌ನ ತಾಯಿ ಹೋಯೆಲುನ್ ಅನ್ನು ಅವನ ಅಪ್ಪ ಯೆಸುಗೆ ಬೇರೊಬ್ಬನ ಮದುವೆಯ ಗಾಡಿಯಿಂದಲೇ ಎಳೆದುಕೊಂಡು ಬಂದಿದ್ದ. ಮಗನಿಗೆ ಒಂಬತ್ತು ವರ್ಷವಿದ್ದಾಗ ಯೆಸುಗೆಗೆ ಶತ್ರು ಕುಲದವರಾದ ತಾತಾರರು ವಿಷ ಹಾಕಿದರು. ಬಳಗದವರು ವಿಧವೆಯನ್ನೂ ಮಕ್ಕಳನ್ನೂ ಬಿಟ್ಟು ಡೇರೆ ಕಿತ್ತುಕೊಂಡು ಹೊರಟುಹೋದರು. ಅವಳು ಓನೊನ್ ನದಿಯ ದಂಡೆಯಲ್ಲಿ ಗೆಡ್ಡೆ ಅಗೆದು, ಕಾಡುಹಣ್ಣು ಆರಿಸಿ ಮಕ್ಕಳನ್ನು ಸಾಕಿದಳು. ಮುಂದೆ ಆ ಮಗ ಇಡೀ ಹುಲ್ಲುಗಾವಲಿನ ಒಡೆಯನಾದ ಮೇಲೂ ತಾಯಿಗೆ ಹೆದರುತ್ತಿದ್ದ. ತಮ್ಮ ಖಾಸರ್‌ನನ್ನು ಕಟ್ಟಿಹಾಕಿ ವಿಚಾರಿಸುತ್ತಿದ್ದಾಗ ತಾಯಿ ರಾತ್ರೋರಾತ್ರಿ ಗಾಡಿ ಹೂಡಿಸಿಕೊಂಡು ಬಂದಳು. ಹಾಲೂಡಿಸಿದ ಎದೆಯನ್ನೇ ತೋರಿಸಿ ಬೈದಳು. ಚಂಗೀಸ್ ನಾಚಿ ಹಿಂದೆ ಸರಿದ ಎಂದು ಗ್ರಂಥವೇ ಹೇಳುತ್ತದೆ.

ಹೆಂಡತಿ ಬೋರ್ತೆಯ ಬಳುವಳಿಯಲ್ಲಿ ಬಂದ ಕಪ್ಪು ತುಪ್ಪಳದ ಕೋಟೇ ಅವನ ಮೊದಲ ರಾಜಕೀಯ ಬಂಡವಾಳ. ಅದನ್ನು ಕೆರೆಯಿತ್ ಕುಲದ ದೊರೆ ತೊಘ್ರುಲ್‌ಗೆ ಕಾಣಿಕೆ ಕೊಟ್ಟು ಅವನ ಬೆಂಬಲ ಗಳಿಸಿದ. ಗೆಳೆಯ ಜಮುಖನಿಂದ ಬೇರೆಯಾಗುವ ತೀರ್ಮಾನ ಬೋರ್ತೆಯದು. ಮುಂದೆ ತೆಬ್ ತೆಂಗ್ರಿ ಎಂಬ ಮಾಟಗಾರ ಪೂಜಾರಿ ಖಾನ್‌ನ ತಮ್ಮಂದಿರನ್ನೇ ಅವಮಾನ ಮಾಡುವಷ್ಟು ಬೆಳೆದ. ಆಗ ಹಾಸಿಗೆಯಲ್ಲಿ ಎದ್ದು ಕೂತು ಅತ್ತವಳೂ ಬೋರ್ತೆಯೇ. "ನೀವಿರುವಾಗಲೇ ಇವರು ಹೀಗೆ ಮಾಡಿದರೆ, ನೀವು ಹೋದ ಮೇಲೆ ನನ್ನ ಮಕ್ಕಳ ಗತಿ ಏನು?" ಎಂಬುದು ಅವಳ ಮಾತಿನ ಸಾರ. ಆಮೇಲೆ ಆ ಪೂಜಾರಿ ಬದುಕಲಿಲ್ಲ.

ಈ ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಒಂದಿದೆ. ಅದು ರಾಣಿಯದ್ದಲ್ಲ, ಒಬ್ಬ ಸೇನಾನಿಯ ಹೆಂಡತಿಯದ್ದು. ಅವಳ ಹೆಸರು ಅಲ್ತಾನಿ. ಒಂದು ದಿನ ಹೋಯೆಲುನ್‌ಳ ಡೇರೆಗೆ ಒಬ್ಬ ತಾತಾರ ಊಟ ಬೇಡಿಕೊಂಡು ಬಂದ. ಕೂರು ಎಂದಳು ಹೋಯೆಲುನ್. ಅವನು ಬಾಗಿಲ ಬಳಿ ಕೂತ. ಅಷ್ಟರಲ್ಲಿ ಚಂಗೀಸ್‌ನ ಕಿರಿಯ ಮಗ, ಐದು ವರ್ಷದ ತೊಲುಯ್, ಒಳಗೆ ಬಂದು ಮತ್ತೆ ಹೊರಗೆ ಓಡಿದ. ತಾತಾರ ಹುಡುಗನನ್ನು ಕಂಕುಳಲ್ಲಿ ಅವುಚಿಕೊಂಡು ಚಾಕು ಹಿರಿಯುತ್ತಾ ಹೊರಟ. "ಮಗು ಹೋಯಿತು!" ಎಂದು ಮುದುಕಿ ಕೂಗಿದಳು. ಅಲ್ತಾನಿ ಹಿಂದೆಯೇ ಓಡಿದಳು. ಒಂದು ಕೈಯಲ್ಲಿ ಅವನ ಜಡೆ ಹಿಡಿದಳು, ಇನ್ನೊಂದು ಕೈಯಲ್ಲಿ ಚಾಕು ಹಿಡಿದ ಕೈಯನ್ನೇ ಎಳೆದಳು. ಚಾಕು ಕೆಳಗೆ ಬಿತ್ತು. ಡೇರೆಯ ಹಿಂದೆ ಎತ್ತು ಕಡಿಯುತ್ತಿದ್ದ ಇಬ್ಬರು ಕಾವಲಿನವರು ಅವಳ ಕೂಗು ಕೇಳಿ ಓಡಿಬಂದು ತಾತಾರನನ್ನು ಕೊಂದರು. ಆಮೇಲೆ ಹೆಚ್ಚಿನ ಶ್ರೇಯ ಯಾರದು ಎಂದು ಚರ್ಚೆ. ಕೊಂದವರು ನಮ್ಮದು ಎಂದರು. ನಾನು ಕೈ ಹಿಡಿಯದಿದ್ದರೆ ನೀವು ಬರುವಷ್ಟರಲ್ಲಿ ಮಗು ಎಲ್ಲಿರುತ್ತಿತ್ತು ಎಂದಳು ಅಲ್ತಾನಿ. ಕೊನೆಗೆ ಎಲ್ಲರೂ ಒಪ್ಪಿದರು, ಶ್ರೇಯ ಅಲ್ತಾನಿಯದೇ ಎಂದು.

ಈ ಮಗು ತೊಲುಯ್ ಯಾರು ಎಂಬುದು ನಿಮಗೆ ಮುಂದೆ ಗೊತ್ತಾಗುತ್ತದೆ. ಅವನು ಆವತ್ತು ಸತ್ತಿದ್ದರೆ ಮುಂದೆ ಚೀನಾವನ್ನು ಆಳಿದ ಕುಬ್ಲಾಯ್ ಹುಟ್ಟುತ್ತಲೇ ಇರಲಿಲ್ಲ.

ಈ ಪ್ರಸಂಗ ಮುಗಿದು ಸ್ವಲ್ಪದರಲ್ಲೇ ಗ್ರಂಥದಲ್ಲಿ ಒಂದು ವಾಕ್ಯ ಬರುತ್ತದೆ. 1206ರಲ್ಲಿ ಚಂಗೀಸ್ ಎಲ್ಲರಿಗೂ ಬಹುಮಾನ, ಪದವಿ ಹಂಚುತ್ತಿರುವ ಸಂದರ್ಭ. "ಈಗ ನಮ್ಮ ಹೆಣ್ಣುಮಕ್ಕಳಿಗೆ ಕೊಡೋಣ" ಎಂಬ ಅರ್ಥದ ಒಂದೇ ಸಾಲು. ಅಷ್ಟೇ. ಏನು ಕೊಟ್ಟ, ಯಾರಿಗೆ ಕೊಟ್ಟ, ಒಂದೂ ಇಲ್ಲ. ಮಾತು ಬೇರೆ ಕಡೆ ತಿರುಗುತ್ತದೆ. ಯಾರೋ ಬೇಕೆಂದೇ ಆ ಭಾಗವನ್ನು ಕತ್ತರಿಸಿ ತೆಗೆದರು ಎಂಬ ವಾದ ಇದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಹಾಗಾಗಿ ನಾನು ಆ ವಾದವನ್ನು ನನ್ನದು ಎಂದು ಹೇಳುವುದಿಲ್ಲ. ಆದರೂ ಆ ಪುಟದ ಹತ್ತಿರ ಬಂದಾಗಲೆಲ್ಲ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಆ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು ಎಂಬುದು ಬೇರೆ ಕಡೆಗಳಿಂದ ಗೊತ್ತಾಗುತ್ತದೆ. ಒಬ್ಬಳನ್ನು ಉಯ್ಘುರರ ದೊರೆಗೆ, ಚೆಚೆಯಿಗೆನ್ ಎಂಬವಳನ್ನು ಉತ್ತರದ ಕಾಡಿನ ಓಯಿರಾತರ ಮನೆಗೆ, ಅಲಖಾಯ್ ಬೆಕಿಯನ್ನು ಚೀನಾದ ಗಡಿಯ ಓಂಗುತರ ಮನೆಗೆ ಕೊಟ್ಟರು. ಸಂಬಂಧ ಬೆಳೆಸುವ ಮದುವೆಗಳು ಎಂದು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ವಾಡಿಕೆ. ಆದರೆ ಅಲಖಾಯ್ ವಿಷಯ ನೋಡಿ. ಓಂಗುತರ ನಾಡು ಮಂಗೋಲರು ಚೀನಾಕ್ಕೆ ನುಗ್ಗುವ ಹೆಬ್ಬಾಗಿಲು. ಗಂಡ ಮಾವನ ಜೊತೆ ಪಶ್ಚಿಮದ ದಂಡಯಾತ್ರೆಗೆ ಹೋದ. ನಾಡನ್ನು ನೋಡಿಕೊಂಡವಳು ಇವಳು. ಚೀನೀ ದಾಖಲೆಗಳು ಇವಳನ್ನು 'ರಾಜ್ಯದ ಮೇಲ್ವಿಚಾರಣೆ ಮಾಡುವ ರಾಜಕುಮಾರಿ' ಎಂದು ಕರೆಯುತ್ತವೆ. ಅದೇ ಬಿರುದು ಕೆತ್ತಿದ ಒಂದು ಕಂಚಿನ ಮುದ್ರೆ 20ನೇ ಶತಮಾನದಲ್ಲಿ ಒಳಮಂಗೋಲಿಯಾದಲ್ಲಿ ಸಿಕ್ಕಿತು. ಬರೀ ಗೌರವಕ್ಕೆ ಇಟ್ಟುಕೊಂಡ ಬಿರುದಾಗಿದ್ದರೆ ಮುದ್ರೆ ಯಾಕೆ ಬೇಕಿತ್ತು, ಅಲ್ವಾ? ಅಪ್ಪಣೆ ಹೊರಡಿಸುವವರಿಗೆ ತಾನೇ ಮುದ್ರೆ.

ಈಗ ನಿಮ್ಮ ಮಗಳ ಖಾಲಿ ವರ್ಷಗಳಿಗೆ ಬರೋಣ.

ತೊರೆಗೆನೆ ನೈಮಾನ್ ಕುಲದವಳು. ಮೊದಲು ಮೆರ್ಕಿತ್ ಮನೆಯ ಸೊಸೆ. ಮೆರ್ಕಿತರು ಸೋತಾಗ ಅವಳು ಗೆದ್ದವರ ಪಾಲಾದಳು. ಒಗೆದೆಯ್‌ಗೆ ಹೆಂಡತಿಯಾಗಿ ಕೊಟ್ಟರು. ಪಟ್ಟದ ಹಿರಿಯ ಹೆಂಡತಿಯೂ ಅವಳಲ್ಲ. ಆದರೆ ಅವನ ಹಿರಿಯ ಗಂಡುಮಕ್ಕಳ ತಾಯಿ, ಎಲ್ಲರಿಗಿಂತ ಚುರುಕು. ಒಗೆದೆಯ್ ಕುಡಿತಕ್ಕೆ ಬಿದ್ದಿದ್ದ. 1240ರಲ್ಲಿ, ಅಂದರೆ ಅವನು ಬದುಕಿರುವಾಗಲೇ, ಚೀನಾದ ದಾವೊ ಧರ್ಮಗ್ರಂಥಗಳನ್ನು ಅಚ್ಚು ಹಾಕಿಸಲು ತೊರೆಗೆನೆಯ ಹೆಸರಿನಲ್ಲಿ ಅಪ್ಪಣೆ ಹೊರಟಿದೆ. ಅದನ್ನು ಕಲ್ಲಿನ ಮೇಲೂ ಕೆತ್ತಿಸಿದ್ದಾರೆ. ಗಂಡ ಸತ್ತ ಮೇಲೆ ಅಧಿಕಾರಕ್ಕೆ ಬಂದಳು ಎನ್ನುವವರು ಈ ಕಲ್ಲನ್ನು ನೋಡಬೇಕು.

ಒಗೆದೆಯ್‌ಗೆ ಮೊಮ್ಮಗ ಶಿರೆಮುನ್ ಖಾನ್ ಆಗಲಿ ಎಂಬ ಆಸೆ ಇತ್ತು. ತೊರೆಗೆನೆಗೆ ತನ್ನ ಮಗ ಗುಯುಕ್ ಆಗಬೇಕು. ಅದಕ್ಕಾಗಿ ಸುಮಾರು ಐದು ವರ್ಷ ಕಾದಳು. ಕಾಯುತ್ತಾ ಸುಮ್ಮನೆ ಕೂರಲಿಲ್ಲ. ಗಂಡನ ಕಾಲದ ದೊಡ್ಡ ಮಂತ್ರಿಗಳನ್ನು ಬದಲಾಯಿಸಿದಳು. ಚಿಂಖಾಯ್, ಮಹಮೂದ್ ಯಲವಾಚ್ ಇಬ್ಬರೂ ಅವಳ ಇನ್ನೊಬ್ಬ ಮಗ ಕೊದೆನ್ ಬಳಿಗೆ ಓಡಿಹೋಗಿ ಜೀವ ಉಳಿಸಿಕೊಂಡರು. ಉತ್ತರ ಚೀನಾದ ಕಂದಾಯ ವಸೂಲಿಯನ್ನು ಅಬ್ದುರ್ ರಹಮಾನ್ ಎಂಬ ವ್ಯಾಪಾರಿಗೆ ವಹಿಸಿದಳು. ಇದರಿಂದ ಅಲ್ಲಿನ ರೈತರಿಗೆ ತುಂಬಾ ಕಷ್ಟವಾಯಿತು, ಅದನ್ನು ಮುಚ್ಚಿಡಬೇಕಿಲ್ಲ. ಅವಳ ಬಲಗೈ ಫಾತಿಮಾ ಎಂಬ ಹೆಂಗಸು. ಇರಾನಿನ ತೂಸ್ ಕಡೆಯಿಂದ ಸೆರೆ ಸಿಕ್ಕಿ ಮಂಗೋಲರ ರಾಜಧಾನಿ ಕಾರಾಕೋರಂಗೆ ಬಂದವಳು. ಒಬ್ಬ ಸೆರೆಯಾಳು ಇಡೀ ಸಾಮ್ರಾಜ್ಯದ ಒಳಗುಟ್ಟು ತಿಳಿದವಳಾದಳು.

1246ರ ಆಗಸ್ಟ್ 24ರಂದು ಗುಯುಕ್‌ಗೆ ಪಟ್ಟವಾಯಿತು. ಪೋಪ್ ಕಳಿಸಿದ್ದ ಸನ್ಯಾಸಿ ಕಾರ್ಪಿನಿ ಅಲ್ಲೇ ಇದ್ದ. ನಾಲ್ಕು ಸಾವಿರಕ್ಕಿಂತ ಜಾಸ್ತಿ ರಾಯಭಾರಿಗಳು ಬಂದಿದ್ದರು ಎಂದು ಬರೆದಿದ್ದಾನೆ. ಆ ಸಭೆಯನ್ನು ಸೇರಿಸಿ, ಅಷ್ಟು ಜನರ ಒಪ್ಪಿಗೆ ಪಡೆದು, ಮಗನನ್ನು ಕೂರಿಸಿದವಳು ಆ ತಾಯಿ. ಮುಂದಿನದು ಓದಲು ಕಷ್ಟ. ಕೊದೆನ್ ಕಾಯಿಲೆ ಬಿದ್ದ, ಫಾತಿಮಾ ಮಾಟ ಮಾಡಿದಳು ಎಂದು ದೂರು ಕಳಿಸಿದ. ಗುಯುಕ್ ಅವಳನ್ನು ಕೊಡು ಎಂದ. ತೊರೆಗೆನೆ ಕೊಡುವುದಿಲ್ಲ ಎಂದಳು. ಕೊನೆಗೆ ಮಗ ಬಲವಂತವಾಗಿ ಎಳೆಸಿಕೊಂಡ. ಚಿತ್ರಹಿಂಸೆ ಕೊಟ್ಟು, ದಪ್ಪ ಕಂಬಳಿಯಲ್ಲಿ ಸುತ್ತಿ ನದಿಗೆ ಎಸೆಸಿದ. ತಾನು ಪಟ್ಟಕ್ಕೆ ತಂದ ಮಗನಿಂದಲೇ ತೊರೆಗೆನೆ ತನ್ನ ನಂಬಿಕೆಯ ಗೆಳತಿಯನ್ನು ಕಳೆದುಕೊಂಡಳು. ಪಟ್ಟಾಭಿಷೇಕವಾಗಿ ಕೆಲವು ತಿಂಗಳಲ್ಲೇ ತೀರಿಕೊಂಡಳು.

ಓಘುಲ್ ಖೈಮಿಶ್‌ಗೆ ತೊರೆಗೆನೆಯ ಚಾಣಾಕ್ಷತನ ಇರಲಿಲ್ಲ. ಬಂಧುಗಳೇ ಅವಳ ಮಾತು ಕೇಳುತ್ತಿರಲಿಲ್ಲ. ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿ ಕಾಣಿಕೆ ಕಳಿಸಿದಾಗ, ಇನ್ನು ಪ್ರತಿ ವರ್ಷ ಹೀಗೇ ಕಪ್ಪ ಕಳಿಸು ಎಂದು ಉತ್ತರ ಬರೆಸಿದಳು. ಲೂಯಿ ರಾಯಭಾರಿ ಕಳಿಸಿದ್ದಕ್ಕೇ ಪಶ್ಚಾತ್ತಾಪ ಪಟ್ಟನಂತೆ. ಆದರೆ ಗಂಡಸು ಖಾನ್‌ಗಳೂ ಪೋಪ್‌ಗೆ, ದೊರೆಗಳಿಗೆ ಇದೇ ಧಾಟಿಯಲ್ಲಿ ಬರೆದಿದ್ದಾರೆ. ಗುಯುಕ್ ಬರೆದರೆ ಅದು ದರ್ಪ, ಇವಳು ಬರೆದರೆ ಅದು ದಡ್ಡತನ ಎಂದು ಓದುವುದು ನ್ಯಾಯವಲ್ಲ.

ಈ ಇಬ್ಬರನ್ನೂ ಮೀರಿಸಿದವಳು ಸೊರ್ಘಖ್ತಾನಿ ಬೆಕಿ. ಇವಳು ಒಂದು ದಿನವೂ ಇಡೀ ಸಾಮ್ರಾಜ್ಯದ ಆಡಳಿತ ವಹಿಸಿಕೊಂಡವಳಲ್ಲ. ಹಾಗಿದ್ದೂ ಇತಿಹಾಸವನ್ನು ಇವಳಷ್ಟು ಬದಲಾಯಿಸಿದವರು ಕಡಿಮೆ.

ಇವಳು ತೊಘ್ರುಲ್‌ನ ತಮ್ಮನ ಮಗಳು, ಕೆರೆಯಿತ್ ಕುಲ, ನೆಸ್ಟೋರಿಯನ್ ಎಂಬ ಪೂರ್ವದ ಪಂಗಡದ ಕ್ರೈಸ್ತಳು. ಕೆರೆಯಿತರು ಸೋತ ಮೇಲೆ ತೊಲುಯ್‌ಗೆ ಹೆಂಡತಿಯಾದಳು. ಹೌದು, ಅಲ್ತಾನಿ ಉಳಿಸಿದ ಅದೇ ಹುಡುಗ. ಮಂಗೋಲರಲ್ಲಿ ಮನೆಯ ಒಲೆ ಕಿರಿಯ ಮಗನದು. ಹಾಗಾಗಿ ಚಂಗೀಸ್ ಸತ್ತಾಗ ಅವನ 1,29,000 ಸೈನಿಕರಲ್ಲಿ 1,01,000 ಜನ ತೊಲುಯ್ ಪಾಲಿಗೆ ಬಂದರು ಎಂದು ರಷೀದುದ್ದೀನ್ ಎಂಬ ಪರ್ಷಿಯನ್ ಇತಿಹಾಸಕಾರ ಲೆಕ್ಕ ಕೊಡುತ್ತಾನೆ. 1232ರಲ್ಲಿ ತೊಲುಯ್ ಸತ್ತ. ಅಷ್ಟು ದೊಡ್ಡ ಸೈನ್ಯದ ಮನೆಗೆ ಈಗ ಯಜಮಾನಿ ಒಬ್ಬ ವಿಧವೆ, ನಾಲ್ಕು ಗಂಡುಮಕ್ಕಳ ತಾಯಿ. ಮೊಂಗ್ಕೆ, ಕುಬ್ಲಾಯ್, ಹುಲಗು, ಅರಿಕ್ ಬೋಕೆ.

ಖಾನ್ ಒಗೆದೆಯ್ ತನ್ನ ಮಗ ಗುಯುಕ್‌ನನ್ನು ಮದುವೆಯಾಗು ಎಂದು ಹೇಳಿಕಳಿಸಿದ. ವಿಧವೆಯನ್ನು ಗಂಡನ ಮನೆತನದವರೇ ಮದುವೆಯಾಗುವುದು ಅವರಲ್ಲಿ ರೂಢಿ. ಒಪ್ಪಿದ್ದರೆ ತೊಲುಯ್‌ನ ಜನ, ಸೈನ್ಯ ಎಲ್ಲ ಒಗೆದೆಯ್ ಮನೆಗೆ ಸೇರಿಹೋಗುತ್ತಿತ್ತು. ಅವಳು ಜಗಳ ಆಡಲಿಲ್ಲ. ಖಾನ್‌ನ ಮಾತು ಮೀರುವುದು ಹೇಗೆ, ಆದರೆ ಈ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಅವರ ಕಾಲ ಮೇಲೆ ನಿಲ್ಲಿಸುವುದೊಂದೇ ನನ್ನ ಆಸೆ ಎಂದು ಉತ್ತರ ಕಳಿಸಿದಳು. ಅದಕ್ಕೆ ಯಾರು ಏನು ಹೇಳಲಾದೀತು? ಇನ್ನೊಮ್ಮೆ ಒಗೆದೆಯ್ ಅವಳ ಕಡೆಯ ಸ್ವಲ್ಪ ಸೈನ್ಯವನ್ನು ಯಾರನ್ನೂ ಕೇಳದೆ ತನ್ನ ಮಗ ಕೊದೆನ್‌ಗೆ ಕೊಟ್ಟುಬಿಟ್ಟ. ಅವಳ ಸೇನಾನಿಗಳು ಸಿಟ್ಟಾದರು. ಅವಳೇ ಅವರನ್ನು ಸಮಾಧಾನ ಮಾಡಿದಳು. ನಮಗೇನು ಕಡಿಮೆಯಾಗಿದೆ, ನಾವೂ ಖಾನ್‌ನವರೇ ಎಂದಳು. ಮುಂದೆ ಕಾಲ ಬಂದಾಗ ಕೊದೆನ್ ಅವಳ ಮಕ್ಕಳ ವಿರುದ್ಧ ನಿಲ್ಲಲಿಲ್ಲ.

1236ರಲ್ಲಿ ಉತ್ತರ ಚೀನಾದ ಝೆಂಗ್‌ದಿಂಗ್ ಪ್ರಾಂತ ಅವಳಿಗೆ ಉಂಬಳಿಯಾಗಿ ಬಂತು. ಆ ಕಾಲದ ಎಷ್ಟೋ ಮಂಗೋಲರು ಬೇಸಾಯದ ಭೂಮಿಯನ್ನು ಹುಲ್ಲುಗಾವಲು ಮಾಡಿಬಿಡೋಣ ಎನ್ನುತ್ತಿದ್ದರು. ರೈತರು ಉಳಿದರೆ ತಾನೇ ಕಂದಾಯ ಎಂಬುದು ಇವಳಿಗೆ ಗೊತ್ತಿತ್ತು. ಕುಬ್ಲಾಯ್ ಮುಂದೆ ಚೀನಾವನ್ನು ಆಳಿದ ರೀತಿಯ ಬೇರು ಇಲ್ಲಿದೆ. ತಾನು ಕ್ರೈಸ್ತಳಾಗಿದ್ದೂ ಬುಖಾರಾದಲ್ಲಿ ಒಂದು ಮದರಸಾ ಕಟ್ಟಿಸಲು 1000 ಬಾಲಿಶ್, ಅಂದರೆ ಗಟ್ಟಿ, ಬೆಳ್ಳಿ ಕೊಟ್ಟಳು.

1248ರಲ್ಲಿ ಗುಯುಕ್ ದೊಡ್ಡ ಸೈನ್ಯ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ಆರೋಗ್ಯಕ್ಕೆ ಅಲ್ಲಿನ ಹವೆ ಒಳ್ಳೆಯದು ಎಂಬ ನೆಪ. ಪಶ್ಚಿಮದಲ್ಲಿ ಆಳುತ್ತಿದ್ದ ಬಾತುವಿನ ಮೇಲೆ ಏರಿ ಹೋಗುತ್ತಿದ್ದಾನೆ ಎಂದು ಸೊರ್ಘಖ್ತಾನಿ ಊಹಿಸಿದಳು. ಗುಟ್ಟಾಗಿ ಬಾತುವಿಗೆ ಸುದ್ದಿ ಕಳಿಸಿದಳು. ಸಿಕ್ಕಿಬಿದ್ದಿದ್ದರೆ ಅವಳೂ ಅವಳ ನಾಲ್ಕು ಮಕ್ಕಳೂ ಉಳಿಯುತ್ತಿರಲಿಲ್ಲ. ಗುಯುಕ್ ದಾರಿಯಲ್ಲೇ ಸತ್ತ. ಬಾತು ಆ ಉಪಕಾರ ಮರೆಯಲಿಲ್ಲ. ಎಲ್ಲರಿಗಿಂತ ಹಿರಿಯನಾದ ಅವನು ಮೊಂಗ್ಕೆಯ ಹೆಸರನ್ನು ಮುಂದಿಟ್ಟ. 1251ರ ಜುಲೈನಲ್ಲಿ ಮೊಂಗ್ಕೆ ಖಾನ್ ಆದ. ಗದ್ದುಗೆ ಒಗೆದೆಯ್ ಮನೆಯಿಂದ ತೊಲುಯ್ ಮನೆಗೆ ಹೋಯಿತು. ಆಮೇಲೆ ಹುಲಗು ಇರಾನ್ ಕಡೆ ರಾಜ್ಯ ಕಟ್ಟಿದ. ಕುಬ್ಲಾಯ್ ಚೀನಾದ ಚಕ್ರವರ್ತಿಯಾದ. ಹತ್ತೊಂಬತ್ತು ವರ್ಷ ತಾಳ್ಮೆಯಿಂದ ನಡೆಸಿದ ರಾಜಕಾರಣದ ಫಲ ಇದು. ಅವಳು 1252ರ ಮೊದಲ ತಿಂಗಳುಗಳಲ್ಲಿ ತೀರಿಕೊಂಡಳು. ಮಗನ ಪಟ್ಟ ನೋಡಿ ಒಂದು ವರ್ಷವೂ ಆಗಿರಲಿಲ್ಲ.

ಅವಳನ್ನು ದೇವತೆ ಮಾಡಿ ನಿಮಗೆ ಕೊಡಲು ನನಗೆ ಮನಸ್ಸಿಲ್ಲ. ಮೊಂಗ್ಕೆ ಬಂದ ಮೇಲೆ ಒಗೆದೆಯ್ ಮನೆಯವರ ಮೇಲೆ ಸಂಚಿನ ಆರೋಪ ಹೊರಿಸಿ ಅನೇಕರನ್ನು ಕೊಂದರು. ಓಘುಲ್ ಖೈಮಿಶ್‌ಳ ವಿಚಾರಣೆ ನಡೆದಿದ್ದು ಸೊರ್ಘಖ್ತಾನಿಯ ಓರ್ದೊದಲ್ಲಿ. ಬಟ್ಟೆ ಬಿಚ್ಚಿಸಿ ವಿಚಾರಣೆ ಮಾಡಿದರು. ದೊರೆಯೊಬ್ಬನೇ ನೋಡಿದ ಮೈಯನ್ನು ಬೇರೆಯವರು ಹೇಗೆ ನೋಡುತ್ತೀರಿ ಎಂದು ಅವಳು ಕೇಳಿದಳಂತೆ. ಅವಳನ್ನೂ ಕಂಬಳಿಯಲ್ಲಿ ಸುತ್ತಿ ನದಿಗೆ ಎಸೆದರು.

ಹೀಗಿದ್ದೂ ಇವರ ಹೆಸರು ಯಾಕೆ ಮರೆಯಾಯಿತು? ಬರೆದವರು ಯಾರ ಅನ್ನ ತಿನ್ನುತ್ತಿದ್ದರು ಎಂದು ನೋಡಿ. ಪರ್ಷಿಯನ್ ಇತಿಹಾಸಕಾರ ಜುವೈನಿ ಹುಲಗುವಿನ ಕೈಕೆಳಗಿನ ಅಧಿಕಾರಿ. ರಷೀದುದ್ದೀನ್ ಹುಲಗು ವಂಶದವರ ಮಂತ್ರಿ. ಇಬ್ಬರೂ ಸೊರ್ಘಖ್ತಾನಿಯ ಮಕ್ಕಳು, ಮರಿಮಕ್ಕಳ ಸೇವೆಯಲ್ಲಿದ್ದವರು. ಅವರ ಬರಹದಲ್ಲಿ ಸೊರ್ಘಖ್ತಾನಿ ಜಗತ್ತಿನ ಹೆಂಗಸರಲ್ಲೇ ಜಾಣೆ, ತೊರೆಗೆನೆ ಮೋಸಗಾತಿ, ಓಘುಲ್ ಖೈಮಿಶ್ ಮಾಟಗಾರರ ಜೊತೆ ಕೂತು ಹೊತ್ತು ಕಳೆಯುವವಳು. ಮೊಂಗ್ಕೆಯಂತೂ ಲೂಯಿಗೆ ಬರೆದ ಪತ್ರದಲ್ಲಿ ಓಘುಲ್ ಖೈಮಿಶ್ ನಾಯಿಗಿಂತ ಕಡೆ, ಅವಳಿಗೆ ಯುದ್ಧ ಶಾಂತಿ ಏನು ಗೊತ್ತು ಎಂದು ಬೈದಿದ್ದಾನೆ. ಅವಳನ್ನು ಕೊಲ್ಲಿಸಿದವನು ಬರೆದ ಮಾತು ಅದು. ನಾವು ಅದನ್ನೇ ಅವಳ ಚರಿತ್ರೆ ಎಂದು ಓದುತ್ತಾ ಬಂದಿದ್ದೇವೆ.

ಚೀನೀ ಕಡೆ ಇನ್ನೊಂದು ತೊಂದರೆ. ಯುವಾನ್ ವಂಶದ, ಅಂದರೆ ಚೀನಾವನ್ನು ಆಳಿದ ಕುಬ್ಲಾಯ್ ಮನೆತನದ, ಅಧಿಕೃತ ಚರಿತ್ರೆಯನ್ನು ಆಮೇಲೆ ಬಂದ ಮಿಂಗ್ ವಂಶದವರು 1370ರ ಹೊತ್ತಿಗೆ ಬರೆಸಿ ಮುಗಿಸಿದರು. ಅದರಲ್ಲಿ ಒಬ್ಬೊಬ್ಬ ಖಾನ್‌ನ ಆಳ್ವಿಕೆಗೂ ಒಂದು ವಾರ್ಷಿಕ ವೃತ್ತಾಂತ. ತೊರೆಗೆನೆಯ ವರ್ಷಗಳನ್ನು ಒಗೆದೆಯ್ ಅಧ್ಯಾಯದ ಬಾಲಕ್ಕೆ ನಾಲ್ಕು ಸಾಲಿನಲ್ಲಿ ಅಂಟಿಸಿದ್ದಾರೆ. ನಿಮ್ಮ ಮಗಳ ಪಟ್ಟಿಯಲ್ಲಿ ಕಾಣುವ ಖಾಲಿ ಜಾಗದ ಒಂದು ಮೂಲ ಅಲ್ಲಿದೆ.

ಕುಬ್ಲಾಯ್‌ನ ಹೆಂಡತಿ ಚಾಬಿ ಬಗ್ಗೆ ಆ ಚರಿತ್ರೆ ಸ್ವಲ್ಪ ಧಾರಾಳವಾಗಿದೆ. ಬಿಲ್ಲಿನ ಹಳೆಯ ಹೆದೆಗಳನ್ನು ಕೂಡಿಸಿ ಬಟ್ಟೆ ನೇಯಿಸಿದಳು, ಬಿಸಿಲು ಕಣ್ಣಿಗೆ ಹೊಡೆಯದಂತೆ ಟೋಪಿಗೆ ಅಂಚು ಹಾಕಿಸಿದಳು ಎಂದೆಲ್ಲ ಹೇಳುತ್ತದೆ. 1276ರಲ್ಲಿ ದಕ್ಷಿಣದ ಸೋಂಗ್ ರಾಜ್ಯ ಬಿದ್ದಾಗ ಎಲ್ಲರೂ ಹಬ್ಬ ಮಾಡುತ್ತಿದ್ದರು, ಅವಳೊಬ್ಬಳು ಸಪ್ಪಗಿದ್ದಳು. ಸಾವಿರ ವರ್ಷ ಉಳಿದ ರಾಜ್ಯ ಯಾವುದೂ ಇಲ್ಲ, ನಮ್ಮ ಮಕ್ಕಳಿಗೂ ಈ ಗತಿ ಬಾರದಿದ್ದರೆ ಸಾಕು ಎಂದಳಂತೆ. ಸೋಂಗ್ ಖಜಾನೆಯನ್ನು ಮುಂದೆ ಹರಡಿದಾಗ ನೋಡಿ ಹೊರಟುಹೋದಳು, ಏನನ್ನೂ ತೆಗೆದುಕೊಳ್ಳಲಿಲ್ಲ. ಇದಕ್ಕಿಂತ ದೊಡ್ಡ ಕೆಲಸವನ್ನು ಅವಳು ಮೊದಲೇ ಮಾಡಿದ್ದಳು. 1259ರಲ್ಲಿ ಮೊಂಗ್ಕೆ ಸತ್ತಾಗ ಕುಬ್ಲಾಯ್ ಯಾಂಗ್‌ತ್ಸೆ ನದಿಯ ಬಳಿ ಮುತ್ತಿಗೆಯಲ್ಲಿದ್ದ. ತಮ್ಮ ಅರಿಕ್ ಬೋಕೆಯ ಕಡೆಯವರು ಸೈನ್ಯ ಸೇರಿಸುತ್ತಿದ್ದಾರೆ, ಕೂಡಲೇ ಬನ್ನಿ ಎಂದು ಹೇಳಿಕಳಿಸಿದವಳು ಚಾಬಿ. ಅವನು ತಡ ಮಾಡಿದ್ದರೆ ಗದ್ದುಗೆ ಕೈತಪ್ಪುತ್ತಿತ್ತು.

ಕುಸ್ತಿಯಲ್ಲಿ ಗಂಡಸರನ್ನು ಸೋಲಿಸಿ ಹತ್ತು ಸಾವಿರ ಕುದುರೆ ಗೆದ್ದ ಖುತುಲುನ್ ಕಥೆಯನ್ನು ನೀವು ಕೇಳಿರಬಹುದು. ಅದು ಮಾರ್ಕೊ ಪೋಲೊ ಹೇಳಿದ್ದು. ಅವಳು ಅಪ್ಪ ಕೈದುವಿನ ಜೊತೆ ಯುದ್ಧಕ್ಕೆ ಹೋಗುತ್ತಿದ್ದಳು ಎಂಬುದನ್ನು ರಷೀದುದ್ದೀನ್ ಕೂಡ ಹೇಳುತ್ತಾನೆ. ಕುದುರೆಗಳ ಲೆಕ್ಕವನ್ನು ಕಥೆಯಾಗಿಯೇ ಓದಿ. ಈಗ ಎಲ್ಲೆಡೆ ಜಾಸ್ತಿ ಓಡಾಡುವುದು ಈ ಕಥೆಯೇ. ನನಗೆ ಸ್ವಲ್ಪ ಬೇಸರವಾಗುತ್ತದೆ. ಕುಸ್ತಿ ಆಡಿದವಳು ನೆನಪಿರುತ್ತಾಳೆ, ಕಂದಾಯದ ಲೆಕ್ಕ ನೋಡಿದವಳು ಮರೆತುಹೋಗುತ್ತಾಳೆ.

ಬೇರೆ ನಾಡಿನವರ ಕಣ್ಣಿಗೆ ಇದೆಲ್ಲ ಹೇಗೆ ಕಂಡಿತು ಎಂಬುದಕ್ಕೆ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಒಳ್ಳೆಯ ಸಾಕ್ಷಿ. 1330ರ ದಶಕದಲ್ಲಿ ಅವನು ವೋಲ್ಗಾ ನದಿಯ ಕಡೆ ಬಾತುವಿನ ವಂಶದ ಉಜ್ಬೆಗ್ ಖಾನ್‌ನ ದರ್ಬಾರಿಗೆ ಹೋದ. ಹಿರಿಯ ಖಾತೂನ್ ಬಂದಾಗ ಖಾನ್ ಎದ್ದು ಡೇರೆಯ ಬಾಗಿಲವರೆಗೆ ಹೋಗಿ, ಕೈ ಹಿಡಿದು ಕರೆತಂದು ಕೂರಿಸಿದ. ಅವಳು ಕೂತ ಮೇಲೆ ತಾನು ಕೂತ. ಈ ನಾಡಿನಲ್ಲಿ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಮರ್ಯಾದೆ ಎಂದು ಬತೂತಾ ಬೆರಗಾದ. ಪೇಟೆಯಲ್ಲಿ ಹೆಂಡತಿಯ ಜೊತೆ ಬಂದ ಗಂಡನನ್ನು ನೋಡಿದರೆ ಅವಳ ಆಳು ಅನ್ನಿಸುತ್ತಾನೆ ಎಂದೂ ಬರೆದ. ಇದೇ ಮನುಷ್ಯ ಕೆಲವು ವರ್ಷಗಳ ಮೇಲೆ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿ, ಇಂಥದ್ದು ಬೇರೆಲ್ಲೂ ಕಂಡಿಲ್ಲ ಎಂದು ಬರೆದುಕೊಂಡ. ನೋಡಿದ್ದನ್ನು ಬರೆದಿಡುವ ಕಣ್ಣು ಒಂದಿದ್ದರೆ ಎಷ್ಟೆಲ್ಲ ಉಳಿಯುತ್ತದೆ ನೋಡಿ.

ನಿಮ್ಮ ಮಗಳ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಬೇಕು, ಅದು ಸುಮಾರು ಇನ್ನೂರು ವರ್ಷ ಆಮೇಲಿನದು. 15ನೇ ಶತಮಾನದ ಕೊನೆಯ ಭಾಗ. ಚೀನಾ ಕೈತಪ್ಪಿ ನೂರು ವರ್ಷವಾಗಿದೆ. ಮಂಗೋಲಿಯಾದಲ್ಲಿ ಕುಬ್ಲಾಯ್ ವಂಶ ಹೆಚ್ಚುಕಡಿಮೆ ಅಳಿದಿದೆ. ಉಳಿದಿರುವುದು ಬಾತುಮೊಂಖ್ ಎಂಬ ಏಳು ವರ್ಷದ ಹುಡುಗ. ಮಂದುಖಾಯ್ ಎಂಬ ಖಾತೂನ್ ಆಗ ವಿಧವೆ. ಬಲಿಷ್ಠ ಸೇನಾನಿ ಊನೆಬೊಲೊದ್ ಅವಳನ್ನು ಮದುವೆಯಾಗಲು ಕೇಳಿದ್ದ. ಒಪ್ಪಿದ್ದರೆ ಅವಳ ಬದುಕು ಸುಲಭವಾಗುತ್ತಿತ್ತು. ಅವಳು ಹುಡುಗನನ್ನು ಖಾನ್ ಎಂದು ಕೂರಿಸಿದಳು. ತಾನೇ ಓಯಿರಾತರ ಮೇಲೆ ಯುದ್ಧಕ್ಕೆ ಹೋದಳು. ಹುಡುಗನನ್ನು ಪೆಟ್ಟಿಗೆಯಂಥ ಬುಟ್ಟಿಯಲ್ಲಿ ಕೂರಿಸಿ ಜೊತೆಗೇ ಕರೆದುಕೊಂಡು ಹೋದಳು ಎಂದು ಮಂಗೋಲರ ಹಳೆಯ ವೃತ್ತಾಂತಗಳು ಹೇಳುತ್ತವೆ. ಅವನೇ ಮುಂದೆ ದಯಾನ್ ಖಾನ್. ಚದುರಿದ್ದ ಮಂಗೋಲರು ಅವನ ಕಾಲದಲ್ಲಿ ಮತ್ತೆ ಒಂದಾದರು.

ಆ ತೀರ್ಮಾನಕ್ಕೆ ಮೊದಲು ಮಂದುಖಾಯ್ ಒಂದು ಬಿಳಿ ಡೇರೆಯ ಗುಡಿಗೆ ಹೋದಳು. ಅದು ಎಶಿ ಖಾತೂನ್, ಅಂದರೆ ಕುಲದ ಮೂಲ ತಾಯಿಯ ಗುಡಿ. ಮುಂದೆ ನಿಂತು, ತಾನು ಈ ಮನೆಯ ಸೊಸೆ, ಈ ಮಗುವನ್ನು ಬಿಟ್ಟು ಬೇರೆಯವನ ಬಳಿ ಹೋಗುವುದಿಲ್ಲ ಎಂದು ಆಣೆ ಮಾಡಿದಳು. ಏಳು ಗಂಡುಮಕ್ಕಳನ್ನು ಕೊಟ್ಟರೆ ಎಲ್ಲರಿಗೂ ಬೊಲೊದ್, ಅಂದರೆ ಉಕ್ಕು, ಎಂದೇ ಹೆಸರಿಡುತ್ತೇನೆ ಎಂದು ಹರಕೆ ಹೊತ್ತಳು. ಅವಳಿಗೆ ಏಳು ಗಂಡುಮಕ್ಕಳು ಹುಟ್ಟಿದರು. ಆ ಗುಡಿಯ ಎಶಿ ಖಾತೂನ್ ಯಾರು ಎಂದು ಕೇಳಿದರೆ, ವಿದ್ವಾಂಸರು ಹೆಚ್ಚಾಗಿ ಹೇಳುವ ಹೆಸರು ಸೊರ್ಘಖ್ತಾನಿ.